ಕರ್ನಾಟಕಿಯರ ಊರಿಗೆ

ಕಳೆದ ಶ್ರಾವಣ ಮಾಸದಲ್ಲಿ ಜಮಖಂಡಿಯ ಸದ್ಭಕ್ತರ ಅಪೇಕ್ಷೆಯಂತೆ ಶರಣಚರಿತ್ರೆಯ ಪ್ರವಚನಕ್ಕಾಗಿ ಹತ್ತು ದಿನ ಆ ಊರಿನಲ್ಲಿ ವಾಸವಾಗಿದ್ದೆವು. ಪ್ರವಚನ ಸಂಜೆಯ ಹೊತ್ತಿಗೆ. ಬೆಳಗಿನ ಪೂಜೆ ಪ್ರಸಾದಗಳಾದ ಮೇಲೆ ಹಗಲೆಲ್ಲ ಬಿಡುವು. ಅರವತ್ತು ದಾಟಿದ ದೇಹಕ್ಕೆ ವಿಶ್ರಾಂತಿ ಬೇಕೆಂದು ಭಕ್ತರು ಹೇಳುತ್ತಿದ್ದರೂ ಕಾಲುಗಳು ಕೇಳಬೇಕಲ್ಲ! ಜಮಖಂಡಿ, ರಬಕವಿ-ಬನಹಟ್ಟಿ, ಮುಧೋಳ, ಬೀಳಗಿ ಎಂಬ ಕೃಷ್ಣೆ ಘಟಪ್ರಭೆಯರ ಸೀಮೆಯನ್ನು ನಾವು ಹಿಂದೆ ಅನೇಕ ಸಲ ಹಾಯ್ದು ಹೋದದ್ದುಂಟು. ನೋಡಿದ್ದೆವು ಎಂದು ಮಾತ್ರ ಹೇಳಲಾರೆವು. ಈ ಸಲ ನೋಡುವ ಪ್ರಸಂಗ ಒದಗಿತು. ಅದು ಒದಗಿದ್ದು ನಾವೇ ಹಿಂದೊಮ್ಮೆ ಆಡಿದ ಒಂದು ಮಾತಿನಿಂದ.

ಜಮಖಂಡಿ ಪಟವರ್ಧನ ಅರಸರು ಆಳಿದ ಊರು. ರಾಮತೀರ್ಥದ ಗುಡ್ಡದ ಮೇಲೆ ಅರಮನೆ, ಕೆಳಗೆ ಊರು. ಚಿಕ್ಕ ಸಂಸ್ಥಾನವಾದರೂ ಸಂಗೀತಕ್ಕೆ ಅಲ್ಲಿ ಮಾನವಿತ್ತು. ಅಬ್ದುಲ್ ಕರೀಮ್ ಖಾನರ ಶಿಷ್ಯರಾದ ಗಣಪತರಾವ ಗುರವರು ಆ ಆಸ್ಥಾನದ ಗಾಯಕರಾಗಿದ್ದರು. ಅವರ ಮಗ ಪಂಡಿತ ಸಂಗಮೇಶ್ವರ ಗುರವರು ಹುಟ್ಟಿದ್ದು 1931ರಲ್ಲಿ, ಇದೇ ಜಮಖಂಡಿಯಲ್ಲಿ. ಆದರೆ ಮಗನ ಕಾಲಕ್ಕೆ ಆಸ್ಥಾನವೇ ಉಳಿಯಲಿಲ್ಲ. 1948ರಲ್ಲಿ ಜಮಖಂಡಿ, ಮುಧೋಳ ಸಂಸ್ಥಾನಗಳೆರಡೂ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಪ್ರಜೆಗಳಿಗೆ ಅದು ಸಂತಸದ ದಿನ, ಸಂದೇಹವಿಲ್ಲ. ಆದರೆ ತಿಂಗಳ ತಿಂಗಳ ಅರಮನೆಯಿಂದ ಬರುತ್ತಿದ್ದ ಕಾಳುಕಡಿಯನ್ನು ನಂಬಿ ತಂಬೂರಿ ಹಿಡಿದವನು ಮರುದಿನ ಎಲ್ಲಿಗೆ ಹೋಗಬೇಕು? ಶಹರಕ್ಕೆ ಹೋಗಬೇಕು. ಧಾರವಾಡದಲ್ಲಿ 1950ರಲ್ಲಿ ಆಕಾಶವಾಣಿ ಆರಂಭವಾದದ್ದು ಎಷ್ಟೋ ಗಾಯಕ ವಾದಕರ ಮನೆಗಳಲ್ಲಿ ಒಲೆ ಆರದಂತೆ ಕಾಯ್ದಿತು. ಸಂಗಮೇಶ್ವರ ಗುರವರೂ ಧಾರವಾಡದಲ್ಲಿಯೇ ನೆಲೆಸಿ, ಕಾಲೇಜಿನಲ್ಲಿ ಪಾಠ ಹೇಳಿ, ಕಿರಾಣಾ ಘರಾಣೆಯ ದೊಡ್ಡ ಗಾಯಕರೆನಿಸಿ 2014ರಲ್ಲಿ ಲಿಂಗೈಕ್ಯರಾದರು. ಮಗ ಕೈವಲ್ಯಕುಮಾರರು ಆ ಪರಂಪರೆಯನ್ನು ಮುಂದುವರಿಸಿದ್ದಾರೆ. ಇಂಥವರನ್ನು ಕುರಿತು ನಾಲ್ಕು ಮಾತು ಹೇಳಿದರೆ ಪ್ರವಚನದ ಸಭೆ ಚಪ್ಪಾಳೆ ತಟ್ಟುತ್ತದೆ. ನಾವೂ ಮೂರನೆಯ ದಿನ ಹೇಳಿದೆವು, ತಟ್ಟಿದರು.

ಆ ರಾತ್ರಿ ಬನಹಟ್ಟಿಯ ಹಿರಿಯರೊಬ್ಬರು ಬಂದು ಕೈಮುಗಿದರು. ನೇಕಾರರು, ನಮಗೆ ಬಹುಕಾಲದ ಪರಿಚಯದವರು. "ಶಾಸ್ತ್ರಿಗಳ, ನಾಳಿ ನಮ್ಮ ಮನೀಗೆ ಪ್ರಸಾದಕ್ಕ ಬರಬೇಕ್ರಿ. ಒಂದ ಮಾತು ಕೇಳೂದೈತಿ" ಎಂದರು. ಒಪ್ಪಿದೆವು.

ಬನಹಟ್ಟಿಯನ್ನು ಕಣ್ಣಿಗಿಂತ ಮೊದಲು ಕಿವಿಯೇ ಗುರುತಿಸುತ್ತದೆ. ರಬಕವಿ ಬನಹಟ್ಟಿಗಳೆರಡೂ ಸೀರೆಯ ಊರುಗಳು. ಒಂದು ಕಾಲಕ್ಕೆ ಕೈಮಗ್ಗದ ಲಯಬದ್ಧವಾದ ಸಪ್ಪಳವಿದ್ದಲ್ಲಿ ಈಗ ವಿದ್ಯುತ್ ಮಗ್ಗಗಳು ಒಂದೇ ಸಮನೆ ಬಡಿದುಕೊಳ್ಳುತ್ತವೆ. ಓಣಿಯಲ್ಲಿ ನಿಂತು ಮಾತಾಡುವವರು ಒಬ್ಬರ ಕಿವಿಗೆ ಒಬ್ಬರು ಬಾಯಿಟ್ಟು ಮಾತಾಡಬೇಕು. ವಿದ್ಯುತ್ತು ಹೋದಾಗ ಮಾತ್ರ ಊರೆಲ್ಲ ಒಮ್ಮೆಲೆ ಉಸಿರು ಹಿಡಿದಂತಾಗುತ್ತದೆ. ಆಗ ಗುಡಿಯ ಗಂಟೆ, ಕೂಸಿನ ಅಳು, ದೂರದ ಭಜನೆಯ ತಾಳ ಎಲ್ಲ ಕೇಳುತ್ತವೆ. ಈ ಸೀಮೆಯವರಿಗೆ ಹಾಡು ಹೊಸದಲ್ಲ. ಭಜನಾ ಮೇಳವಿಲ್ಲದ ಓಣಿಯಿಲ್ಲ. ಶ್ರೀಕೃಷ್ಣ ಪಾರಿಜಾತದ ಆಟವನ್ನು ಬೆಳತನಕ ಕುಳಿತು ನೋಡುವ ಜನ ಇದು.

ಆ ಮನೆಯ ಪಡಸಾಲೆಯಲ್ಲಿ ನಾವು 1994ರಲ್ಲಿಯೂ ಕುಳಿತಿದ್ದೆವು. ಆಗ ನಮಗೆ ಮೂವತ್ತರ ಆಸುಪಾಸಿನ ಪ್ರಾಯ, ಪಾಂಡಿತ್ಯದ ಹಮ್ಮು ಹೊಸದು. ಹಿರಿಯರ ಮಗಳು ಹದಿನೆಂಟರ ಹುಡುಗಿ, ಸಂಗೀತದ ಸೀನಿಯರ್ ಪರೀಕ್ಷೆ ಮುಗಿಸಿದ್ದಳು. ಕಂಠ ಹೇಗಿತ್ತೆಂದರೆ ಅವಳು ಹಾಡತೊಡಗಿದಾಗ ಊಟಕ್ಕೆ ಕುಳಿತವರು ಕೈಯೊಳಗಿನ ತುತ್ತನ್ನು ಮರೆತಿದ್ದರು. ಮುಂಬಯಿಯ ಗುರುಗಳೊಬ್ಬರು ತಮ್ಮಲ್ಲಿಗೆ ಕಳುಹಿಸಿರೆಂದು ಕೇಳಿದ್ದರಂತೆ. ತಂದೆ ನಮ್ಮ ಅಭಿಪ್ರಾಯ ಕೇಳಿದರು. "ಶಿವನ ಮುಂದೆ ಹಾಡಲಿ, ವೇದಿಕೆಯ ಮೇಲೆ ಬೇಡ. ದುಡ್ಡಿಗೆ ಹಾಡುವ ಬದುಕು ನಮ್ಮಂಥ ಮನೆತನದ ಹೆಣ್ಣುಮಗಳಿಗೆ ತರವಲ್ಲ" ಎಂದೆವು. ಹೇಳಿ ಹೋಳಿಗೆಯನ್ನೂ ಉಂಡು ಬಂದೆವು. ಆ ಮಾತು ನಮಗೆ ಮರೆತೇ ಹೋಗಿತ್ತು. ಅವರಿಗೆ ಮರೆತಿರಲಿಲ್ಲ.

ಅದೇ ಮಗಳು ಈ ಸಲ ತಲೆಯ ಮೇಲೆ ಸೆರಗು ಹೊದ್ದು ನಮಗೆ ಬಡಿಸಿದರು. ತವರಿನ ಹತ್ತಿರವೇ ಕೊಟ್ಟ ಮನೆ. ಈಗ ತಂದೆಯ ಮಗ್ಗಗಳ ಕಾರಭಾರವೆಲ್ಲ ಅವರದೇ. ಅವರ ಮಗಳು ಒಂದು ವರ್ಷದಿಂದ ಮುಂಬಯಿಯ ಬದಿಯ ಡೊಂಬಿವಲಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದಾಳೆ. ಓದಲಿಕ್ಕೆಂದು ಹೋದವಳು ಹಾಡುತ್ತಿದ್ದಾಳೆ ಎಂಬುದು ಮನೆಯವರಿಗೆ ಗೊತ್ತಾದದ್ದು ಆರು ತಿಂಗಳಿನ ಮೇಲೆ. "ನೀವು ಅಂದ ಹೇಳಿದ್ದನ್ನ ಮಗಳಿಗೆ ನಡಸಿದೆವ್ರಿ. ಮೊಮ್ಮಗಳಿಗೇನ ಹೇಳೂಣು?" ಎಂದು ಹಿರಿಯರು ಕೇಳಿದರು.

ನಾವು ಉತ್ತರ ಕೊಡುವ ಬದಲು ಆ ಹುಡುಗಿಯನ್ನೇ ಕರೆದು, ಅಲ್ಲಿಯ ದಿನ ಹೇಗೆ ಕಳೆಯುತ್ತದೆಂದು ವಿಚಾರಿಸಿದೆವು. ಶ್ರಾವಣವೆಂದು ಊರಿಗೆ ಬಂದಿದ್ದಳು. ಹೆದರದೆ, ಬಡಾಯಿಯನ್ನೂ ಕೊಚ್ಚದೆ ಹೇಳಿದಳು.

ಬೆಳಗಿನ ರಿಯಾಜನ್ನು ಅಡುಗೆಮನೆಯ ಕದವಿಕ್ಕಿಕೊಂಡು ಮಾಡಬೇಕು. ಗೋಡೆಯಾಚೆಯವರು ರಾತ್ರಿಪಾಳಿ ಮುಗಿಸಿ ಮಲಗಿರುತ್ತಾರೆ. ಆಮೇಲೆ ಲೋಕಲ್ ಗಾಡಿ. ಅದರಲ್ಲಿ ನಿಲ್ಲಲು ಜಾಗ ಸಿಕ್ಕರೆ ಪುಣ್ಯ. ಮಧ್ಯಾಹ್ನ ಇಬ್ಬರು ಮಕ್ಕಳಿಗೆ ಹಾಡು ಕಲಿಸುತ್ತಾಳೆ, ಖರೆ ಹೇಳಬೇಕೆಂದರೆ ಬಾಡಿಗೆಯ ಪಾಲು ಹುಟ್ಟುವುದು ಅದರಿಂದಲೇ. ಗಣೇಶ ಚೌತಿಯಿಂದ ನವರಾತ್ರಿಯವರೆಗೆ ಆರ್ಕೆಸ್ಟ್ರಾದವರು ಕರೆಯುತ್ತಾರೆ, ಮದುವೆಯ ದಿನಗಳಲ್ಲಿಯೂ ಕೆಲಸವುಂಟು. ಮಳೆಗಾಲದಲ್ಲಿ ಕೈ ಖಾಲಿ. ಧ್ವನಿಮುದ್ರಣವೆಂದರೆ ಒಂದು ಸಣ್ಣ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಒಬ್ಬಳೇ ನಿಂತು ಹಾಡುವುದು; ತಬಲಾದವನ ಮುಖವನ್ನೂ ಕಾಣುವಂತಿಲ್ಲ, ಅವನು ಎಂದೋ ನುಡಿಸಿ ಹೋಗಿರುತ್ತಾನೆ. ಅವಳಿಗೆ ಹೆಚ್ಚಾಗಿ ಸಿಗುವುದು 'ಡಮ್ಮಿ' ಹಾಡುವ ಕೆಲಸ. ಅಂದರೆ ಹಾಡು ಹೇಗೆ ಕೂಡುತ್ತದೆಂದು ನೋಡಲು ಮೊದಲು ಇವಳಿಂದ ಹಾಡಿಸುತ್ತಾರೆ. ಬಳಿಕ ದೊಡ್ಡ ಹೆಸರಿನವರು ಬಂದು ಅದರ ಮೇಲೆ ಹಾಡುತ್ತಾರೆ, ಇವಳ ದನಿಯನ್ನು ತೆಗೆದುಹಾಕುತ್ತಾರೆ. ದುಡ್ಡು ಎರಡು ತಿಂಗಳಿಗೆ ಬಂದರೆ ಬಂತು.

"ನಿನ್ನ ಹೆಸರು?" ಎಂದು ಕೇಳಿದೆವು.

"ಎಲ್ಲೂ ಬರೂದಿಲ್ಲರಿ ಅಜ್ಜಾ. ಆದ್ರ ದಿನಾ ಹಾಡತೀನಲ್ರಿ" ಎಂದಳು.

ತಾಯಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಒಂದು ಮಾತೂ ಆಡಲಿಲ್ಲ. ನಾವು ಹಿರಿಯರಿಗೆ, "ಪ್ರವಚನ ಮಂಗಲವಾದ ಮರುದಿನ ಬಂದು ಹೇಳುತ್ತೇವೆ" ಎಂದು ವೇಳೆ ಕೇಳಿಕೊಂಡು ಎದ್ದೆವು. ನಿಜವೇನೆಂದರೆ ಹೆಸರು ಬರುವುದಿಲ್ಲವೆಂಬ ಆ ಮಾತು ನಮ್ಮನ್ನು ಐವತ್ತು ವರ್ಷ ಹಿಂದಕ್ಕೆ ಕರೆದುಕೊಂಡು ಹೋಗಿತ್ತು.

ಮಠದ ಅನ್ನವನ್ನುಂಡು ಮಠದಲ್ಲಿಯೇ ಅಕ್ಷರ ಕಲಿತ ನಮಗೆ ಸಿನಿಮಾದ ಹಾಡು ನಿಷಿದ್ಧವಾಗಿತ್ತು. ಆದರೆ ಮಠದ ಎದುರಿನ ಚಹಾದಂಗಡಿಯಲ್ಲಿ ರೇಡಿಯೋ ಇತ್ತು. ಮುಂಜಾನೆ ಏಳೂವರೆಗೆ ಸಿಲೋನ್ ಕೇಂದ್ರದವರು ಹಳೆಯ ಚಿತ್ರಗೀತೆಗಳನ್ನು ಹಾಕುತ್ತಿದ್ದರು. ನಾವು ಅಂಗಳ ಗುಡಿಸುವ ನೆಪದಲ್ಲಿ ಕಿವಿಯನ್ನು ಅಲ್ಲಿಗೆ ಕೊಟ್ಟಿರುತ್ತಿದ್ದೆವು. ಒಂದು ದಿನ ಹೆಣ್ಣುದನಿಯೊಂದು ಕೇಳಿಬಂತು. ಸಣ್ಣದಲ್ಲ, ನಯಗಾರಿಕೆಯದೂ ಅಲ್ಲ. ಬಯಲಾಟದ ರಂಗಸ್ಥಳದಿಂದ ಕೊನೆಯ ಸಾಲಿನವರೆಗೆ ತಲುಪುವಂಥ ತುಂಬುದನಿ. ಮಠದ ಅಡುಗೆಯ ಮುದುಕ ಒನಕೆ ಹಿಡಿದಂತೆಯೇ ನಿಂತು, "ಇಕಿ ನಮ್ಮ ಬೀಳಗ್ಯಾಕಿ, ಅಮೀರಬಾಯಿ" ಎಂದ. ಅದನ್ನು ಕೇಳಿಸಿಕೊಂಡ ಹಿರಿಯ ಶಾಸ್ತ್ರಿಗಳು ಅವನಿಗೂ ನಮಗೂ ಗದರಿದರು. 'ಅಂಥವರ' ಹೆಸರು ಮಠದ ಅಂಗಳದಲ್ಲಿ ಬರಬಾರದೆಂದು ಅವರ ಕಟ್ಟಳೆ. ಅಂದಿನಿಂದ ನಾವೂ ಅಮೀರಬಾಯಿಯನ್ನು 'ಅಂಥವರು' ಎಂಬ ಶಬ್ದದೊಳಗೇ ಇಟ್ಟುಬಿಟ್ಟೆವು. 1994ರಲ್ಲಿ ಬನಹಟ್ಟಿಯ ಪಡಸಾಲೆಯಲ್ಲಿ ನಮ್ಮ ಬಾಯಿಂದ ಹೊರಬಿದ್ದದ್ದು ಆ ಶಬ್ದವೇ, ಬೇರೆ ವೇಷದಲ್ಲಿ.

ಆದ್ದರಿಂದ ಬೀಳಗಿಗೆ ಹೋಗಿ ಬರಬೇಕೆನಿಸಿತು. ಮರುದಿನ ಮುಂಜಾನೆ ಮುಧೋಳದ ಬಸ್ಸು ಹತ್ತಿದೆವು.

ಮುಧೋಳವೆಂದರೆ ಇತ್ತೀಚೆಗೆ ಬೇಟೆನಾಯಿಯನ್ನು ನೆನೆಯುವವರೇ ಹೆಚ್ಚು. ಕವಿಯನ್ನು ನೆನೆಯುವವರು ಕಡಿಮೆ. ನಾಯಿಯ ಮೇಲೆ ನಮಗೇನೂ ಸಿಟ್ಟಿಲ್ಲ. ಆದರೆ ರನ್ನ ಹುಟ್ಟಿದ ಊರು ಇದು. ಬಳೆಗಾರರ ಕುಲದ ಹುಡುಗ, ವಿದ್ಯೆಯ ಹಂಬಲದಿಂದ ದೂರದ ಗಂಗರ ನಾಡಿಗೆ ನಡೆದು, ಚಾವುಂಡರಾಯನ ಆಶ್ರಯ ಪಡೆದು, ಆಮೇಲೆ ಚಾಲುಕ್ಯ ತೈಲಪನ ಆಸ್ಥಾನದಲ್ಲಿ ಕವಿಚಕ್ರವರ್ತಿಯೆನಿಸಿದನು. ಸಾವಿರ ವರ್ಷಗಳ ಹಿಂದೆಯೂ ಈ ಸೀಮೆಯ ಪ್ರತಿಭೆಗೆ ಅನ್ನ ಸಿಕ್ಕಿದ್ದು ಊರು ಬಿಟ್ಟ ಮೇಲೆಯೇ. ಆದರೆ ರನ್ನನು ಊರು ಬಿಟ್ಟದ್ದನ್ನು ನಾವಾರೂ ಕೆಟ್ಟುಹೋದನೆಂದು ಹೇಳುವುದಿಲ್ಲ. ಮಲ್ಲಿಕಾರ್ಜುನ ಮನಸೂರರು ಬಾಲ್ಯದಲ್ಲಿಯೇ ನಾಟಕ ಕಂಪನಿ ಸೇರಿದರು, ಮುಂಬಯಿಗೆ ಹೋಗಿ ಮಂಜೀಖಾನರಲ್ಲಿ ಕಲಿತರು. ನಮ್ಮ ಸಮಾಜ ಅವರನ್ನು ತಲೆಯ ಮೇಲೆ ಹೊತ್ತಿತು, ಹೊರತಕ್ಕದ್ದೇ. ಗಂಗೂಬಾಯಿ ಹಾನಗಲ್ಲರು ಒಂದು ಮಾತನ್ನು ಎತ್ತಿ ಆಡುತ್ತಿದ್ದರು: ಗಂಡಸು ಹಾಡಿದರೆ ಪಂಡಿತನಾಗುತ್ತಾನೆ, ಉಸ್ತಾದನಾಗುತ್ತಾನೆ, ಹೆಂಗಸು ಎಷ್ಟು ಹಾಡಿದರೂ 'ಬಾಯಿ'ಯಾಗಿಯೇ ಉಳಿಯುತ್ತಾಳೆ ಎಂದು. ಮುಧೋಳದ ಬಸ್‌ನಿಲ್ದಾಣದಲ್ಲಿ ಬೀಳಗಿಯ ಗಾಡಿಗಾಗಿ ಕಾಯುತ್ತ ಕುಳಿತಾಗ ಆ ಮಾತು ಮುಳ್ಳಿನಂತೆ ಚುಚ್ಚಿತು.

ದಾರಿಯುದ್ದಕ್ಕೂ ಕಬ್ಬು. ಬೀಳಗಿ ದೊಡ್ಡ ಊರಲ್ಲ. ಸಿದ್ಧೇಶ್ವರನ ದರ್ಶನ ಮಾಡಿಕೊಂಡೆವು, ಅರೆತ್ತಿನ ಬಾವಿಯ ಮೆಟ್ಟಿಲ ಮೇಲೆ ಕ್ಷಣಹೊತ್ತು ಕುಳಿತೆವು. ಈ ತಾಲೂಕಿನ ಕೃಷ್ಣಾತೀರದ ಹಳ್ಳಿಗಳು ಆಲಮಟ್ಟಿಯ ಹಿನ್ನೀರಿಗೆ ಸಿಕ್ಕು ಮೂಲ ನೆಲೆ ಬಿಟ್ಟು ಎದ್ದು ಬಂದವು. ಇಲ್ಲಿಯ ಜನರಿಗೆ ಊರು ಬಿಡುವ ಸಂಕಟವನ್ನು ಯಾರೂ ಕಲಿಸಬೇಕಾಗಿಲ್ಲ. ಹಾಡುವ ಹೆಣ್ಣುಮಕ್ಕಳೂ ಈ ನೆಲಕ್ಕೆ ಹೊಸಬರಲ್ಲ. ದಾಸರ ಹಾಡು ಕಟ್ಟಿದ ಗಲಗಲಿ ಅವ್ವನ ಗಲಗಲಿ ಇದೇ ತಾಲೂಕಿನದು.

ಅಮೀರಬಾಯಿ, ಗೋಹರಬಾಯಿ ಸೋದರಿಯರು ಈ ಬೀಳಗಿಯವರು. ನಾಟಕ ಕಂಪನಿಗಳ ಕಾಲುಪೇಟಿಯ ಸ್ವರದೊಳಗೆ ಬೆಳೆದವರು. ಆಗ ಈ ಕಡೆಯಿಂದ ಮುಂಬಯಿಗೆ ಹೋಗುವುದೆಂದರೆ ವಿಜಾಪುರದಲ್ಲಿ ಸಣ್ಣ ಗೇಜಿನ ರೈಲು ಹತ್ತಿ, ಹೋಟಗಿಯಲ್ಲಿ ಗಂಟುಮೂಟೆ ಇಳಿಸಿ ದೊಡ್ಡ ಗಾಡಿಗೆ ಏರಿಸಿ, ಸೊಲ್ಲಾಪುರ ಪುಣೆಗಳನ್ನು ದಾಟಿ ಹೋಗುವುದು. ಹಾಗೆ ಹೋದ ಈ ಹೆಣ್ಣುಮಕ್ಕಳು ತಮ್ಮ ಹೆಸರಿನ ಮುಂದೆ 'ಕರ್ನಾಟಕಿ' ಎಂದು ಸೇರಿಸಿಕೊಂಡರು. ವಾಚಕರು ಇದನ್ನು ಗಮನಿಸಬೇಕು. ಅಮೀರಬಾಯಿಯವರ ಮೊದಲ ಚಿತ್ರ 'ವಿಷ್ಣುಭಕ್ತಿ' ಬಂದದ್ದು 1934ರಲ್ಲಿ. ಅಂದು ಕರ್ನಾಟಕವೆಂಬ ರಾಜ್ಯವಿರಲಿಲ್ಲ. ಏಕೀಕರಣವಾದದ್ದು 1956ರಲ್ಲಿ, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರಲ್ಲಿ. ನಮ್ಮ ವಿದ್ವಾಂಸರು ಸಭೆಗಳಲ್ಲಿ ಗೊತ್ತುವಳಿ ಮಂಡಿಸುತ್ತಿದ್ದ ಕಾಲದಲ್ಲಿ ಆ ಹೆಸರನ್ನು ಗ್ರಾಮೋಫೋನ್ ತಟ್ಟೆಗಳ ಮೇಲೆ ಬರೆಯಿಸಿಕೊಂಡು ಭರತಖಂಡದಾದ್ಯಂತ ಮೆರೆಸಿದವರು ನಾವು 'ಅಂಥವರು' ಎಂದು ಕರೆದ ಇಬ್ಬರು ಹೆಣ್ಣುಮಕ್ಕಳು.

ಆ ಕಾಲದ ಮುಂಬಯಿಯಲ್ಲಿ ಹಾಡಿ ಬದುಕುವುದು ಹೇಗಿತ್ತು? ಮೊದಮೊದಲು ನಟಿಸುವವರೇ ಕ್ಯಾಮರಾದ ಮುಂದೆ ಹಾಡಬೇಕಿತ್ತು, ವಾದ್ಯದವರು ಮರೆಯಲ್ಲಿ ಕುಳಿತಿರುತ್ತಿದ್ದರು. ಹಿನ್ನೆಲೆ ಗಾಯನ 1935ರ ಈಚೆಗೆ ಬಂದದ್ದು. ಆಮೇಲೆಯೂ ಗಾಯಕಿ ವಾದಕರೆಲ್ಲ ಕೂಡಿಯೇ ಮುದ್ರಣ. ಒಬ್ಬನು ತಾಳ ತಪ್ಪಿದರೆ ಎಲ್ಲರೂ ಮೊದಲಿನಿಂದ. ಈಗಿನಂತೆ ತಪ್ಪಿದ ತುಣುಕನ್ನಷ್ಟೇ ತಿದ್ದುವ ಸೌಕರ್ಯವಿಲ್ಲ. ತಟ್ಟೆಯ ಮೇಲೆ ಎಷ್ಟೋ ಸಲ ಹಾಡಿದವರ ಹೆಸರಿನ ಬದಲು ಚಿತ್ರದ ಪಾತ್ರದ ಹೆಸರನ್ನು ಅಚ್ಚು ಹಾಕುತ್ತಿದ್ದರು. 1949ರ 'ಮಹಲ್' ಚಿತ್ರದ ಪ್ರಸಿದ್ಧ ಗೀತೆಯ ತಟ್ಟೆಯ ಮೇಲೂ ಲತಾ ಮಂಗೇಶಕರರ ಹೆಸರಿರಲಿಲ್ಲ, 'ಕಾಮಿನಿ' ಎಂಬ ಪಾತ್ರದ ಹೆಸರಿತ್ತು. ಲತಾ ಅವರ ಪಾಡೇ ಹೀಗಿದ್ದಾಗ ಉಳಿದವರದೇನು? ಗಾಯಕರಿಗೂ ಗೌರವಧನದ ಪಾಲು ಸಲ್ಲಬೇಕೆಂದು ಕಾನೂನು ತಿದ್ದುಪಡಿಯಾದದ್ದು 2012ರಲ್ಲಿ.

ಅಮೀರಬಾಯಿಯವರಿಗೆ ಎಲ್ಲಕ್ಕಿಂತ ದೊಡ್ಡ ಹೆಸರು ತಂದದ್ದು 1943ರ 'ಕಿಸ್ಮತ್'. ಬಾಂಬೆ ಟಾಕೀಸಿನ ಆ ಚಿತ್ರ ಕಲಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಮಿಕ್ಕಿ ನಡೆಯಿತು. ಅನಿಲ ಬಿಸ್ವಾಸರ ಸಂಗೀತ, ಪ್ರದೀಪರ ಗೀತೆಗಳು. ಕ್ವಿಟ್ ಇಂಡಿಯಾ ಚಳುವಳಿಯ ಮರುವರ್ಷ ಅದು. ಪರಕೀಯರನ್ನು ಆಚೆಗೆ ಅಟ್ಟುವ ಹಾಡೊಂದನ್ನು ಅಮೀರಬಾಯಿ, ಖಾನ್ ಮಸ್ತಾನಾ ಕೂಡಿ ಹಾಡಿದರು. ಅದರಲ್ಲಿ ಜರ್ಮನರ, ಜಪಾನರ ಹೆಸರು ಹೇಳಿದ್ದರಿಂದ ಆಂಗ್ಲರ ಸೆನ್ಸಾರಿನವರು ಸುಮ್ಮನಾದರು. ಜನರಿಗೆ ಮಾತ್ರ ಅದು ಯಾರನ್ನು ಕುರಿತದ್ದೆಂದು ತಿಳಿಯಿತು. ಮರುವರ್ಷ 'ರತನ್'. 1946ರಲ್ಲಿ 'ರಾಣಕದೇವಿ' ಎಂಬ ಗುಜರಾತಿ ಚಿತ್ರಕ್ಕೆ ಅವರು ಹಾಡಿದ ಒಂದು ಗೀತೆ ಗುಜರಾತಿಗರ ಮನೆಮಾತಾಯಿತು. ತನ್ನ ಹಳ್ಳಿಗೆ ಬಂದು ಹೋಗೆಂದು ಕರೆಯುವ ಹಾಡದು. ಬೀಳಗಿಯ ಹೆಣ್ಣುಮಗಳು ಮುಂಬಯಿಯಲ್ಲಿ ನಿಂತು ಪರಭಾಷೆಯಲ್ಲಿ ಅದನ್ನು ಹಾಡುವಾಗ ಮನಸ್ಸಿನಲ್ಲಿ ಯಾವ ಹಳ್ಳಿಯಿತ್ತೋ ಶಿವನೇ ಬಲ್ಲ. 1948ರಲ್ಲಿ 'ಶಹನಾಜ್' ಚಿತ್ರಕ್ಕೆ ಅವರೇ ಸಂಗೀತ ನಿರ್ದೇಶನವನ್ನೂ ಮಾಡಿದರು.

ಸುಖವಿತ್ತೆ ಎಂದರೆ, ಇರಲಿಲ್ಲ. ಚಿತ್ರನಟನೊಬ್ಬನೊಡನೆ ಮಾಡಿಕೊಂಡ ಮದುವೆ ಕಣ್ಣೀರಿನದಾಯಿತು. ದೇಶ ಇಬ್ಭಾಗವಾದಾಗ ಅವನು ಪಾಕಿಸ್ತಾನಕ್ಕೆ ಹೋದನು. ನೂರ್‌ಜಹಾನ್, ಖುರ್ಷೀದ್ ಮೊದಲಾದ ಗಾಯಕಿಯರೂ ಹೋದರು. ಅಮೀರಬಾಯಿ ಇಲ್ಲಿಯೇ ಉಳಿದರು. 1949ರ ಹೊತ್ತಿಗೆ ಮುಂಬಯಿಗೆ ತೆಳುವಾದ ಹೊಸ ದನಿಯ ರುಚಿ ಹತ್ತಿತು. ಇವರಿಗೆ ಹಾಡು ಕಡಿಮೆಯಾಗಿ ಪೋಷಕ ಪಾತ್ರಗಳ ನಟನೆಗೆ ತಿರುಗಬೇಕಾಯಿತು. ಮಹಾನಗರವು ಕೈಹಿಡಿಯುವಾಗ ಜಾತಿ ಕೇಳುವುದಿಲ್ಲ, ಕೈಬಿಡುವಾಗ ಉಪಕಾರ ನೆನೆಯುವುದಿಲ್ಲ. ಆದರೆ ಗಳಿಸಿದ್ದನ್ನು ಅವರು ಅಲ್ಲಿಯೇ ಕಳೆಯಲಿಲ್ಲ. ವಿಜಾಪುರದಲ್ಲಿ 'ಅಮೀರ ಟಾಕೀಸ್' ಕಟ್ಟಿಸಿದರು. 1965ರಲ್ಲಿ ತೀರಿಕೊಂಡರು.

ಗೋಹರಬಾಯಿಯವರ ಕಥೆ ಇನ್ನೂ ಕಠಿಣವಾದುದು. ಮರಾಠಿ ರಂಗಭೂಮಿಯ ಆರಾಧ್ಯರಾದ ಬಾಲಗಂಧರ್ವರ ಕಂಪನಿಯನ್ನು 1930ರ ದಶಕದ ಕೊನೆಯಲ್ಲಿ ಅವರು ಸೇರಿದರು. ಗಂಧರ್ವರಿಗೆ ಪ್ರಾಯ ಮೀರಿ ಸ್ತ್ರೀಪಾತ್ರ ಒಗ್ಗದಾದಾಗ ನಾಯಕಿಯ ಪಾತ್ರಗಳನ್ನು ಹೊತ್ತವರು ಈಕೆ. ಮುಂದೆ ಅವರ ಕೈಹಿಡಿದರು, ಬಡತನದಲ್ಲಿಯೂ ರೋಗದಲ್ಲಿಯೂ ಅವರ ಸೇವೆ ಮಾಡಿದರು. ಆದರೂ ಗಂಧರ್ವರ ಪತನಕ್ಕೆಲ್ಲ ಈ ಕರ್ನಾಟಕಿಯೇ ಕಾರಣಳೆಂದು ಬಹುಕಾಲ ಆಡಿಕೊಂಡರು. ಸಾಲ ಮಾಡಿದವರು ಯಾರು, ಕಾಲ ಬದಲಾದದ್ದು ಹೇಗೆ, ಬೋಲಪಟಗಳು ಬಂದು ನಾಟಕ ಮಂಡಳಿಗಳನ್ನು ನುಂಗಿದ್ದು ಹೇಗೆ ಎಂಬುದನ್ನು ಯಾರು ವಿಚಾರಿಸಬೇಕು? ಹೆಣ್ಣೊಬ್ಬಳ ಮೇಲೆ ಹೊರಿಸಿದರೆ ಕೆಲಸ ಸುಲಭ. ರಹಮತ್ ತರೀಕೆರೆಯವರು ಅಮೀರಬಾಯಿಯವರ ಜೀವನವನ್ನು ಶೋಧಿಸಿ ಗ್ರಂಥವನ್ನೇ ಬರೆದಿದ್ದಾರೆ. ಅದು ಇಲ್ಲದಿದ್ದರೆ ನಮ್ಮಂಥವರ ಕಣ್ಣು ತೆರೆಯುವುದು ಇನ್ನೂ ತಡವಾಗುತ್ತಿತ್ತು.

ಬೀಳಗಿಯ ಪೇಟೆಯಲ್ಲಿ ಅವರ ಮನೆ ಎಲ್ಲಿತ್ತೆಂದು ವಿಚಾರಿಸಿದೆವು. ಒಬ್ಬರು ಪೂರ್ವಕ್ಕೆ ಕೈ ಮಾಡಿದರು, ಇನ್ನೊಬ್ಬರು ಪಶ್ಚಿಮಕ್ಕೆ. ಸಕ್ಕರೆ ಕಾರ್ಖಾನೆಯ ಕೆಲಸಕ್ಕೆ ಹೊರಟ ತರುಣನೊಬ್ಬ, "ಹಾಡ ಬೇಕಾದ್ರ ಕೇಳಸತೀನ್ರಿ" ಎಂದು ತನ್ನ ಮೊಬೈಲಿನಲ್ಲಿ ಹಚ್ಚಿದ. ಅದೇ ದನಿ. ಐವತ್ತು ವರ್ಷಗಳ ಮೇಲೆ, ಯಾರ ಗದರಿಕೆಯ ಭಯವೂ ಇಲ್ಲದೆ, ಪೂರ್ತಿ ಕೇಳಿದೆವು. ವಿಭೂತಿ ಧರಿಸಿದ ಮುದುಕರು ಹಾದಿಯಲ್ಲಿ ನಿಂತು ಸಿನಿಮಾ ಹಾಡು ಕೇಳುವುದನ್ನು ನೋಡಿ ಒಂದಿಬ್ಬರು ನಕ್ಕರು. ನಗಲಿ.

ಅಂದು ಸಂಜೆ ಜಮಖಂಡಿಯ ಪ್ರವಚನದಲ್ಲಿ ಸೂಳೆ ಸಂಕವ್ವೆಯ ವಿಷಯ ಬಂತು. ಅನುಭವ ಮಂಟಪದಲ್ಲಿ ಅವಳಿಗೆ ಪೀಠವಿತ್ತೆಂದು ಮೂವತ್ತು ವರ್ಷಗಳಿಂದ ಹೇಳುತ್ತ ಬಂದಿದ್ದೇವೆ. ಅಂದು ಹೇಳುವಾಗ ನಾಲಗೆ ತಡವರಿಸಿತು. ಕೇಳುಗರಿಗೆ ಕಾರಣ ತಿಳಿಯಲಿಲ್ಲ.

ಮಂಗಲವಾದ ಮರುದಿನ ಕೊಟ್ಟ ಮಾತಿನಂತೆ ಬನಹಟ್ಟಿಗೆ ಹೋದೆವು. ಹಿರಿಯರು ಚಾಪೆ ಹಾಸಿ ಕುಳ್ಳಿರಿಸಿದರು. ನಾವು ಮೊಮ್ಮಗಳ ಮಾತನ್ನು ಎತ್ತುವ ಮೊದಲು ಅವಳ ತಾಯಿಯನ್ನು ಕರೆಯಿಸಿ, "ತಾಯಿ, 1994ರಲ್ಲಿ ಈ ಮನೆಯಲ್ಲಿ ನಾವು ಆಡಿದ ಮಾತು ತಪ್ಪಾಗಿತ್ತು" ಎಂದೆವು. ಹಿರಿಯರು ಗಾಬರಿಯಿಂದ, "ಹಂಗನಬ್ಯಾಡ್ರಿ" ಎಂದರು. ಆಕೆ ನೆಲ ನೋಡುತ್ತ ನಿಂತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಹೇಳಿದರು: "ಮಗ್ಗ ಹಚ್ಚಿದಾಗ ಹಾಡಿದ್ರ ಯಾರಿಗೂ ಕೇಳಸೂದಿಲ್ರಿ. ಇಷ್ಟ ವರ್ಷ ಅಲ್ಲೇ ಹಾಡೇನ್ರಿ."

ಅದಕ್ಕೆ ನಾವು ಹೇಳಬಹುದಾದ ಮಾತು ಯಾವ ಶಾಸ್ತ್ರದಲ್ಲಿಯೂ ಇರಲಿಲ್ಲ.

ಆಮೇಲೆ ಹಿರಿಯರಿಗೆ, ಹುಡುಗಿ ಮುಂಬಯಿಗೆ ಹೋಗಲಿ ಎಂದೆವು. ಮಳೆಗಾಲದ ನಾಲ್ಕು ತಿಂಗಳ ಖರ್ಚು ಮನೆಯಿಂದ ಹೋಗಬೇಕು, ಮಾಡಿದ ಕೆಲಸದ ಕರಾರು ಕಾಗದದ ಮೇಲಿರಬೇಕು, ಸಾಲಕ್ಕೆ ಕೈಯೊಡ್ಡುವ ಹೊತ್ತು ಬಂದರೆ ಊರಿಗೆ ಫೋನು ಮಾಡಲು ನಾಚಬಾರದು, ಇಷ್ಟನ್ನು ಎಲ್ಲರೆದುರು ಮಾತಾಡಿಕೊಂಡರು. ಹಿರಿಯರ ಮುಖ ಪೂರ್ತಿ ತಿಳಿಯಾಗಲಿಲ್ಲ. ಆದರೂ ಸೋಮವಾರದ ಗಾಡಿಗೆ ಟಿಕೇಟು ತೆಗೆಸಲು ಒಪ್ಪಿದರು. ಎರಡು ಟಿಕೇಟು ಎಂದರು ಆಕೆ. ಮಗಳು ಹಾಡುವ ಜಾಗವನ್ನು ತಾವೂ ಒ��್ಮೆ ಕಣ್ಣಿಂದ ನೋಡಿ ಬರುವುದಾಗಿ ಹೇಳಿ, ರೊಟ್ಟಿಯ ಹಿಟ್ಟು ಬೀಸಿಕೊಂಡು ಬರಲು ಹುಡುಗನನ್ನು ಗಿರಣಿಗೆ ಕಳುಹಿಸಿದರು.